ಇಲಿಯ ಮೂತ್ರಪಿಂಡದಿಂದ ತಾಯಿಹಾಲಿನವರೆಗೆ

ಸತು ಎಂದರೆ ನಮಗೆ ಬಕೆಟ್ಟಿನ ಲೇಪ, ಚಾವಣಿಯ ತಗಡು. ಜೀವಕೋಶಕ್ಕೆ ಅದಿಲ್ಲದೆ ನಡೆಯದು, ಹೆಚ್ಚಾದರೆ ಅದೇ ವಿಷ. ಹೆಚ್ಚಾದ ಸತುವನ್ನು ಕೋಶ ಏನು ಮಾಡುತ್ತದೆ ಎಂಬ ಪ್ರಶ್ನೆಗೆ 1990ರ ದಶಕದಲ್ಲಿ ಉತ್ತರ ಸಿಕ್ಕ ಬಗೆ, ನನ್ನ ಪಿಎಚ್‌.ಡಿ. ಓದಿನಲ್ಲಿ ನಾನು ಮತ್ತೆ ಮತ್ತೆ ಮರಳುವ ಕಥೆ.

ಅಮೆರಿಕದ ಸಿಯಾಟಲ್‌ನಲ್ಲಿ ರಿಚರ್ಡ್ ಪಾಮಿಟರ್ ಎಂಬ ವಿಜ್ಞಾನಿಯ ತಂಡದ ಬಳಿ ಹ್ಯಾಮ್‌ಸ್ಟರ್ ಮೂತ್ರಪಿಂಡದಿಂದ ಬೆಳೆಸಿದ, ಸತುವಿಗೆ ಬೇಗ ಸಾಯುವ ಕೋಶಗಳಿದ್ದವು. (1982ರಲ್ಲಿ ಬೆಳವಣಿಗೆ ಹಾರ್ಮೋನಿನ ಜೀನ್ ಸೇರಿಸಿ ದೈತ್ಯ ಮೌಸ್ ಬೆಳೆಸಿದವರಲ್ಲಿ ಇವರೂ ಒಬ್ಬರು. ಆ ಜೀನ್ ರ್‍ಯಾಟ್‌ನದು. ಕನ್ನಡದಲ್ಲಿ ಎರಡೂ ಇಲಿಯೇ, ಪ್ರಯೋಗಾಲಯದಲ್ಲಿ ಬೇರೆ ಬೇರೆ.) ರ್‍ಯಾಟ್‌ನ ಮೂತ್ರಪಿಂಡದ ಜೀನುಗಳ ಪ್ರತಿಗಳನ್ನು ಈ ಕೋಶಗಳೊಳಗೆ ಸೇರಿಸಿ ಸತು ಸುರಿದರು. ಬದುಕಿ ಉಳಿದ ಕೋಶದೊಳಗೆ ಅದನ್ನು ಕಾಯ್ದ ಜೀನ್ ಇರಲೇಬೇಕು.

1995ರಲ್ಲಿ ಹೀಗೆ ಸಿಕ್ಕಿದ್ದು ಝಡ್‌ಎನ್‌ಟಿ-1. ಅದರ ಪ್ರೊಟೀನು ಕೋಶದ ಹೊರಪೊರೆಯಲ್ಲಿ ಕೂತು ಸತುವನ್ನು ಹೊರಹಾಕುತ್ತದೆ. ಮರುವರ್ಷ ಅದೇ ಉಪಾಯದಿಂದ ಝಡ್‌ಎನ್‌ಟಿ-2 ಸಿಕ್ಕಿತು. 359 ಅಮೈನೊ ಆಮ್ಲಗಳ ಪ್ರೊಟೀನು ಅದು. ಮೊದಲನೆಯದರಂತೆಯೇ ಆರು ಬಾರಿ ಪೊರೆಯನ್ನು ದಾಟುತ್ತದೆ, ಒಳಭಾಗದಲ್ಲಿ ಹಿಸ್ಟಿಡಿನ್ ತುಂಬಿದ ಒಂದು ಕುಣಿಕೆ ಇದೆ. ಆದರೆ ಅಮೈನೊ ಆಮ್ಲಗಳ ಸಾಲಿನಲ್ಲಿ ಹೋಲಿಕೆ ಶೇ. 26 ಮಾತ್ರ.

ವಿಚಿತ್ರವೆಂದರೆ, ಈ ಜೀನ್ ಹೊತ್ತ ಕೋಶಗಳಲ್ಲಿ ಸತು ಕಡಿಮೆಯಾಗಿರಲಿಲ್ಲ. ಬೇರೆ ಕೋಶಗಳು ತಾಳಲಾರದಷ್ಟು ಹೆಚ್ಚಿತ್ತು! ಸತುವಿದ್ದಲ್ಲಿ ಬೆಳಗುವ ಝಿಂಕ್ವಿನ್ ಎಂಬ ಬಣ್ಣ ಹಾಕಿ ನೋಡಿದರೆ, ಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಸತು ತುಂಬಿಕೊಂಡಿತ್ತು. ಝಡ್‌ಎನ್‌ಟಿ-2 ಇದ್ದದ್ದು ಆ ಚೀಲಗಳ ಪೊರೆಯಲ್ಲಿ. ಒಂದು ವಿಷವನ್ನು ಮನೆಯಿಂದಾಚೆ ಎಸೆಯುತ್ತದೆ, ಇನ್ನೊಂದು ಮನೆಯೊಳಗೇ ಕೋಣೆಗೆ ಹಾಕಿ ಬೀಗ ಜಡಿಯುತ್ತದೆ. ಕೋಶ ಬದುಕಿತೇ ಇಲ್ಲವೇ ಎಂದಷ್ಟೇ ಎಣಿಸಿದ್ದರೆ ಎರಡೂ ಒಂದೇ ಕೆಲಸದವು ಅನ್ನಿಸಿಬಿಡುತ್ತಿತ್ತು. ವ್ಯತ್ಯಾಸ ತಿಳಿಸಿದ್ದು ಅವು ಕೂತ ಜಾಗ. ಬದುಕುಳಿದ ಮೇಲೂ ಕೋಶದೊಳಗೆ ಇಣುಕಿ ನೋಡಿದ್ದೇ ಆ ಪ್ರಯೋಗದ ಹೆಚ್ಚುಗಾರಿಕೆ ಎಂದು ನನಗನ್ನಿಸುತ್ತದೆ.

ಹತ್ತು ವರ್ಷಗಳ ಬಳಿಕ, 2006ರಲ್ಲಿ, ಇದೇ ಜೀನಿನ ಮಾನವ ರೂಪ ಸುದ್ದಿಯಾಯಿತು. ಎದೆಹಾಲನ್ನಷ್ಟೇ ಕುಡಿಯುವ ಕೆಲವು ಕೂಸುಗಳಿಗೆ ಸತುವಿನ ಕೊರತೆಯಾಗಿ ಬಾಯಿಯ ಸುತ್ತ, ತೊಡೆಸಂದಿಯಲ್ಲಿ ಹುಣ್ಣು ಏಳುತ್ತವೆ. ಇಂಥ ತಾಯಂದಿರ ಝಡ್‌ಎನ್‌ಟಿ-2ರಲ್ಲಿ 54ನೇ ಸ್ಥಾನದ ಹಿಸ್ಟಿಡಿನ್ ಇರಬೇಕಾದಲ್ಲಿ ಆರ್ಜಿನಿನ್ ಬಂದಿತ್ತು. ಬದಲಾದ ಪ್ರೊಟೀನು ತನ್ನ ಜಾಗ ಸೇರದೆ ಕೋಶಕೇಂದ್ರದ ಬಳಿ ಮುದ್ದೆಯಾಗಿ ಬಿದ್ದಿತ್ತು, ಹಾಲಿಗೆ ಸತು ಇಳಿಯುತ್ತಿರಲಿಲ್ಲ.

ಮಗು ಸೊರಗಿದರೆ ನಮ್ಮ ಮನೆಗಳಲ್ಲಿ ಮೊದಲ ಮಾತು ಬಾಣಂತಿಯ ಪಥ್ಯದ ಮೇಲೆ. ಇಲ್ಲಿ ತಾಯಿ ಏನು ತಿಂದರೂ, ಸತುವಿನ ಮಾತ್ರೆ ನುಂಗಿದರೂ ಅವಳ ಹಾಲಿನ ಕೊರತೆ ನೀಗದು. ಸತುವನ್ನು ನೇರ ಮಗುವಿಗೇ ಕುಡಿಸಬೇಕು. ಆಗ ಹುಣ್ಣು ಮಾಯುತ್ತದೆ.