ಮಾರಿಕಣಿವೆಯ ಕೋಡಿ, ಮುಗಿಲಾಚೆಯ ಗಾಳಿ

ಮಾರಿಕಣಿವೆಯ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. ಕಾಗದಪತ್ರಗಳಲ್ಲಿ ಅದು ವಾಣಿವಿಲಾಸ ಸಾಗರ. ಸುತ್ತಿನ ಜನಕ್ಕೆ ಇಂದಿಗೂ ಮಾರಿಕಣಿವೆಯೇ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತು; ಆಮೇಲೆ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರುಷಗಳ ಮೇಲೆ. ಮನುಷ್ಯನು ಹೊಗೆಯುಗುಳಿ ಹವೆಯನ್ನೇ ಬದಲಿಸಿದುದಕ್ಕೆ ಈ ಕೋಡಿಯೇ ಸಾಕ್ಷಿ ಎನ್ನುವವರನ್ನು ನಾನು ಕಂಡಿದ್ದೇನೆ.

ಸಾಕ್ಷಿ ಅಷ್ಟು ಶುದ್ಧವಾದುದಲ್ಲ. ಬಾಬಾಬುಡನ್‌ಗಿರಿಯಿಂದಿಳಿದು ಬರುವ ವೇದಾವತಿಯ ಜೊತೆಗೆ 2019ರಿಂದ ಭದ್ರೆಯ ನೀರೂ ಈ ಜಲಾಶಯಕ್ಕೆ ಸೇರುತ್ತಿದೆ. 2025ರ ಜನವರಿಯಲ್ಲಿ, ಮಳೆಗಾಲವಲ್ಲದ ಹೊತ್ತಿನಲ್ಲಿ, ಮತ್ತೆ ಕೋಡಿ ಬಿದ್ದಿತಲ್ಲ, ಅದನ್ನು ಮುಗಿಲಿನ ಲೆಕ್ಕಕ್ಕೆ ಬರೆಯುವುದು ಹೇಗೆ?

ಮುಗಿಲಿನ ಲೆಕ್ಕವನ್ನು ಇನ್ನೂ ಮೇಲೆ ಹುಡುಕಬೇಕು. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ನೆತ್ತಿಯ ಮೇಲೆ, ಸುಮಾರು ಹದಿನಾಲ್ಕು ಹದಿನೈದು ಕಿಲೋಮೀಟರು ಎತ್ತರದಲ್ಲಿ, ಮೂಡಣದಿಂದ ಪಡುವಣಕ್ಕೆ ಒಂದು ಗಾಳಿಯ ಹೊಳೆ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿ ಹರಿಯುತ್ತದೆ. ಅದರ ನಡುನಾಲೆ ಹೆಚ್ಚುಕಡಿಮೆ ಮದರಾಸಿನ ಅಕ್ಷಾಂಶದ ಆಸುಪಾಸಿನಲ್ಲಿದೆ. ಮಾರಿಕಣಿವೆಯೂ ಅದರಡಿಯೇ ಬಂತು. 1933ರಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಈ ಮೂಡಣ ಜೆಟ್ ಗಾಳಿಯ ಸ್ವರೂಪವನ್ನು 1958ರಲ್ಲಿ ಲೋಕದ ಮುಂದಿಟ್ಟವರು ನಮ್ಮ ದೇಶದವರೇ ಆದ ಹವಾಶಾಸ್ತ್ರಜ್ಞ ಪಿ. ಕೋಟೇಶ್ವರಂ.

ಬೇಸಗೆಯಲ್ಲಿ ಟಿಬೆಟ್ಟಿನ ಮೇಲಣ ಆಕಾಶ ಕಾಯುತ್ತದೆ, ಸಮಭಾಜಕದ ಮೇಲಿನದು ಅದಕ್ಕಿಂತ ತಣ್ಣಗಿರುತ್ತದೆ. ಈ ಅಂತರವೇ ಗಾಳಿಯ ಬಲ. ಹಿಂದೂಮಹಾಸಾಗರ ಬೆಚ್ಚಗಾದಂತೆ ಅದರ ಮೇಲಣ ವಾಯುವೂ ಕಾದು ಅಂತರ ಕುಗ್ಗಿತು. 1950ರಿಂದೀಚೆಗೆ ಕೆಲವು ದಶಕಗಳ ಕಾಲ ಜೆಟ್ಟು ಸೊರಗುತ್ತ ಬಂತೆಂದು ಅಳೆದವರು ಬರೆದಿದ್ದಾರೆ. 2000ದ ಈಚೆಗೆ ಅದು ತುಸು ಚೇತರಿಸಿತೆಂಬ ವಾದವೂ ಉಂಟು. ಇದರಲ್ಲಿ ಮನುಷ್ಯನ ಪಾಲೆಷ್ಟು, ಸಾಗರದ ಸಹಜ ಏರಿಳಿತದ ಪಾಲೆಷ್ಟು ಎಂಬ ಚರ್ಚೆ ಮುಗಿದಿಲ್ಲ. ಮುಗಿಯುವ ಮೊದಲೇ ತೀರ್ಪು ಕೊಡುವ ಅವಸರ ನನಗೂ ಇಲ್ಲ.

ಒಂದು ಮಾತು ಮಾತ್ರ ಗಟ್ಟಿ: ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಶೇಕಡ ಏಳರಷ್ಟು ಹೆಚ್ಚು ತೇವವನ್ನು ಹೊರಬಲ್ಲುದು. ಮಧ್ಯಭಾರತದ 1951ರಿಂದ 2000ದವರೆಗಿನ ದಾಖಲೆಯಲ್ಲಿ ಜಡಿಮಳೆಗಳು ಹೆಚ್ಚಿ, ಹದಮಳೆಗಳು ಕಡಿಮೆಯಾದುದು ಕಂಡಿದೆ. ಮೂವತ್ತು ಟಿ.ಎಂ.ಸಿ. ಹಿಡಿಯುವ ಮಾರಿಕಣಿವೆಗೆ ಇದರಿಂದ ಅಷ್ಟು ನಷ್ಟವಿಲ್ಲ. ನಾಲ್ಕು ದಿನದ ಜಡಿಯನ್ನು ಅದು ಕೂಡಿಟ್ಟುಕೊಂಡು ಹಿರಿಯೂರಿನ ತೆಂಗಿಗೆ ವರ್ಷವಿಡೀ ಹಂಚೀತು. ಕಾಲುವೆ ಎಟುಕದ ಹೊಸದುರ್ಗ, ಹೊಳಲ್ಕೆರೆಗಳ ದಿಬ್ಬದ ರಾಗಿಹೊಲಕ್ಕೆ ಅಂಥ ಉಗ್ರಾಣವಿಲ್ಲ. ಜಡಿಯ ನೀರು ಮಣ್ಣನ್ನೂ ಎಳೆದುಕೊಂಡು ಅದೇ ಜಲಾಶಯದತ್ತ ಹರಿಯುತ್ತದೆ.