ಅಶೋಕ: ಖಾನಾಪುರದ ಘಟ್ಟದಂಚಿನಲ್ಲಿ ಬೀಜಪ್ರಸಾರ ಮತ್ತು ಆನುವಂಶಿಕ ವೈವಿಧ್ಯ

ಅಶೋಕ (ಸರಾಕಾ ಅಶೋಕ) ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ, ಹಳ್ಳದ ದಂಡೆಯ ನೆರಳಿನಲ್ಲಿ ಬೆಳೆಯುವ ಮಧ್ಯಮ ಗಾತ್ರದ ನಿತ್ಯಹಸಿರು ಮರ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗದಿಂದ ದಕ್ಷಿಣಕ್ಕೆ ಉತ್ತರ ಕನ್ನಡ ಮತ್ತು ಅದರಾಚೆಯ ಘಟ್ಟಗಳವರೆಗೆ ಇದು ಅಲ್ಲಲ್ಲಿ ಚಿಕ್ಕ ಗುಂಪುಗಳಾಗಿ ಕಾಣಸಿಗುತ್ತದೆ. ತಾಮ್ರವರ್ಣದ ಎಳೆಚಿಗುರು ಗೊಂಚಲಾಗಿ ಜೋತುಬೀಳುತ್ತದೆ. ಕಿತ್ತಳೆಯಿಂದ ಕೆಂಪಿಗೆ ತಿರುಗುವ ಹೂವಿನಲ್ಲಿ ಎಸಳಿಲ್ಲ, ಎಸಳಿನಂತೆ ತೋರುವುದು ಬಣ್ಣವೇರಿದ ಪುಷ್ಪಪಾತ್ರೆಯ ನಾಲ್ಕು ಸೀಳು. ಅಶೋಕಾರಿಷ್ಟ ಮೊದಲಾದ ಔಷಧಗಳಿಗಾಗಿ ತೊಗಟೆಯನ್ನು ಸುಲಿಯುವುದರಿಂದ ಕಾಡಿನ ಮರಗಳು ಕಡಿಮೆಯಾಗಿದ್ದು, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 1998ರಲ್ಲಿ ಈ ಪ್ರಭೇದವನ್ನು ಅಳಿವಿನ ಭೀತಿಯುಳ್ಳವುಗಳ ಪಟ್ಟಿಗೆ ಸೇರಿಸಿತು.

ಮರದ ಉಳಿವಿಗೆ ತೊಗಟೆಯಷ್ಟೇ ಅದರ ಬೀಜವೂ ಮುಖ್ಯ. ಎಳೆಯದಿದ್ದಾಗ ನೇರಳೆಗೆಂಪಾಗಿದ್ದು ಬಲಿತಾಗ ಕಪ್ಪಾಗುವ ಚಪ್ಪಟೆ ಕಾಯಿಯೊಳಗೆ ನಾಲ್ಕರಿಂದ ಎಂಟು ದಪ್ಪ ಬೀಜಗಳಿರುತ್ತವೆ. ಅವಕ್ಕೆ ಗಾಳಿಯಲ್ಲಿ ತೇಲುವ ರೆಕ್ಕೆಯಾಗಲಿ, ಹಕ್ಕಿಯನ್ನು ಸೆಳೆಯುವ ತಿರುಳಾಗಲಿ ಇಲ್ಲ. ಅದೇ ಕಾಡಿನ ರಾಮಪತ್ರೆಯ ಬೀಜವನ್ನು ಸುತ್ತಿದ ಕೆಂಪು ಪತ್ರೆಯ ಆಸೆಗೆ ಮಂಗಟ್ಟೆಗಳು ಅದನ್ನು ನುಂಗಿ ದೂರ ಒಯ್ದು ಉಗುಳುತ್ತವೆ. ಅಶೋಕದ ಬೀಜವಾದರೋ ಬಹುಪಾಲು ತಾಯಿಮರದ ಬುಡದಲ್ಲೇ ಉದುರುತ್ತದೆ. ಕೆಲವನ್ನು ಮಳೆಗಾಲದ ಹಳ್ಳ ಕೊಚ್ಚಿಕೊಂಡು ಹೋಗಬಹುದಾದರೂ ನೀರಿನ ದಾರಿ ಒಂದೇ ದಿಕ್ಕಿನದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ಪೂರ್ವದ ಬಯಲುಸೀಮೆಗೂ ದೇಗಾಂವ ಬಳಿ ಹುಟ್ಟುವ ಮಹದಾಯಿ ಪಶ್ಚಿಮದ ಗೋವೆಗೂ ಹರಿಯುವುದರಿಂದ, ನಡುವಿನ ದಿಣ್ಣೆಯನ್ನು ನೀರಿನ ಮೂಲಕ ದಾಟುವುದು ಯಾವ ಬೀಜಕ್ಕೂ ಸಾಧ್ಯವಿಲ್ಲ. ಪೂರ್ವಕ್ಕೆ ತೇಲಿದ್ದು ತನಗೆ ಒಗ್ಗದ ಒಣನೆಲ ಸೇರುತ್ತದೆ.

ಬೀಜ ದೂರ ಹೋಗದಿದ್ದರೆ ಅಕ್ಕಪಕ್ಕದ ಮರಗಳು ಕ್ರಮೇಣ ಒಂದೇ ತಾಯಿಯ ಮಕ್ಕಳು, ಮೊಮ್ಮಕ್ಕಳು ಆಗಿಬಿಡುತ್ತವೆ. ಒಂದು ಪ್ರಭೇದದ ಮರಗಳ ವಂಶವಾಹಿಗಳಲ್ಲಿ ಕಾಣುವ ಭಿನ್ನತೆಯನ್ನು ಆನುವಂಶಿಕ ವೈವಿಧ್ಯವೆಂದೂ, ಹತ್ತಿರದ ಸಂಬಂಧಿಗಳ ನಡುವೆ ಪರಾಗಸ್ಪರ್ಶವಾಗಿ ಆ ಭಿನ್ನತೆ ಕುಗ್ಗುವುದನ್ನು ಅಂತಃಸಂಕರಣವೆಂದೂ ಕರೆಯುತ್ತಾರೆ. ಬೀಜದ ಕೊರತೆಯನ್ನು ಪರಾಗ ಎಷ್ಟರಮಟ್ಟಿಗೆ ತುಂಬಬಲ್ಲದು ಎಂಬುದಕ್ಕೆ ಕೊಡಗಿನ ಉದಾಹರಣೆ ಬಹಳ ಬೋಧಪ್ರದವಾಗಿದೆ. ಕಾಫಿ ತೋಟಗಳ ನಡುವೆ ಚೂರುಚೂರಾಗಿ ಉಳಿದ ಕಾಡುಗಳಲ್ಲಿ, 216 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ, ಬಿಳಿ ದೇವದಾರು (ಡೈಸಾಕ್ಸಿಲಮ್ ಮಲಬಾರಿಕಮ್) ಮರಗಳ ತಂದೆತಾಯಿಯರನ್ನು ಡಿಎನ್‌ಎ ಗುರುತುಗಳಿಂದ ಪತ್ತೆಹಚ್ಚಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಒಂಟಿಯಾಗಿ ನಿಂತ ಮರಗಳಿಗೆ ಐದು ಕಿಲೋಮೀಟರಿಗೂ ಆಚೆಯಿಂದ ಬಗೆಬಗೆಯ ಪರಾಗ ಬರುತ್ತಿದ್ದರೆ, ಮರಗಳು ವಿರಳವಾಗಿದ್ದ ಕಾಡಿನ ತುಣುಕುಗಳಲ್ಲಿ ಹತ್ತಿರದ ಮರಗಳೇ, ಅದರಲ್ಲೂ ಹೆಚ್ಚು ಸಂಬಂಧವುಳ್ಳವೇ, ಕೂಡುತ್ತಿದ್ದವು. ತೋಟದ ನಡುವಿನ ಒಂಟಿಮರವನ್ನು ಕೆಲಸಕ್ಕೆ ಬಾರದ್ದೆಂದು ತಳ್ಳಿಹಾಕುವ ರೂಢಿಯನ್ನು ಈ ಫಲಿತಾಂಶ ಪ್ರಶ್ನಿಸುತ್ತದೆ. ಆದರೆ ಅದನ್ನು ಅಶೋಕಕ್ಕೆ ನೇರವಾಗಿ ಅನ್ವಯಿಸಲಾಗದು, ಏಕೆಂದರೆ ಪರಾಗ ಒಯ್ಯುವ ಕೀಟ ಯಾವುದು, ಅದು ಎಷ್ಟು ದೂರ ಹಾರುತ್ತದೆ ಎಂಬುದು ಮರದಿಂದ ಮರಕ್ಕೆ ಬೇರೆ.

ಅಶೋಕದ ಡಿಎನ್‌ಎ ಪರೀಕ್ಷೆಗೆ ಬೆಳಗಾವಿ ನಗರವೇ ಒಂದು ಕೇಂದ್ರವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧೀನದಲ್ಲಿರುವ ಇಲ್ಲಿನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯ ಸಂಶೋಧಕರು ಅಶೋಕವನ್ನು ಅದರ ಬದಲಿ ಮತ್ತು ಕಲಬೆರಕೆ ಸಸ್ಯಗಳಿಂದ ಬೇರ್ಪಡಿಸುವ ಅಣುಜೈವಿಕ ವಿಧಾನವನ್ನು 2018ರಲ್ಲಿ ಪ್ರಕಟಿಸಿದರು. ಇದರ ಅಗತ್ಯ ಸಣ್ಣದಲ್ಲ: ಊರುಗಳಲ್ಲಿ ಕಾಂಪೌಂಡಿನುದ್ದಕ್ಕೂ ನೆಟ್ಟಗೆ ಬೆಳೆಯುವ, ಸೀತಾಫಲದ ಕುಟುಂಬಕ್ಕೆ ಸೇರಿದ ಕಂಬದ ಮರವೂ ಅಶೋಕವೆಂದೇ ಕರೆಸಿಕೊಳ್ಳುತ್ತದೆ, ಅದರ ತೊಗಟೆಯೂ ಮಾರುಕಟ್ಟೆಯಲ್ಲಿ ಅಶೋಕದ ಜಾಗದಲ್ಲಿ ಮಾರಾಟವಾಗುತ್ತದೆ.

ಸಸಿ ಬೆಳೆಸಿ ನೆಡುವುದರಿಂದ ಮರಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ವೈವಿಧ್ಯ ತಾನಾಗಿ ಹೆಚ್ಚುವುದಿಲ್ಲ. ಕೈಗೆಟುಕುವ ಒಂದೆರಡು ಮರಗಳ ಬುಡದಲ್ಲಿ ಆಯ್ದ ಬೀಜದಿಂದ ಸಾವಿರ ಸಸಿ ಎಬ್ಬಿಸಿದರೂ ಅವೆಲ್ಲ ಒಡಹುಟ್ಟುಗಳೇ. ದೂರದೂರದ ಹಲವು ಹಳ್ಳಗಳ ಮರಗಳಿಂದ ಬೀಜ ತಂದು ಬೆರೆಸಿದರೆ ನೆಡುತೋಪು ಕಾಡಿನ ವೈವಿಧ್ಯದ ಒಂದು ಪಾಲನ್ನಾದರೂ ಹೊತ್ತಿರುತ್ತದೆ. ಒಣಗಿದ ಬೀಜ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುವುದರಿಂದ ಅದನ್ನು ಧಾನ್ಯದ ಬೀಜದಂತೆ ವರ್ಷಗಟ್ಟಲೆ ಕೂಡಿಡಲಾಗುವುದಿಲ್ಲ. ಆರಿಸಿದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಹೀಗಾಗಿ ಈ ಮರದ ಮಟ್ಟಿಗೆ ವಂಶವಾಹಿಗಳ ಸಂಗ್ರಹವೆಂದರೆ ನಿಂತ ಕಾಡೇ. 2011ರಲ್ಲಿ ಖಾನಾಪುರ ತಾಲ್ಲೂಕಿನ ಸುಮಾರು 190 ಚದರ ಕಿಲೋಮೀಟರ್ ಕಾಡು ಭೀಮಗಡ ವನ್ಯಜೀವಿಧಾಮವೆಂದು ಘೋಷಿತವಾದಾಗ ಇಂಥ ಹಳ್ಳದಂಡೆಗಳಲ್ಲಿ ಕೆಲವು ರಕ್ಷಣೆಗೆ ಒಳಪಟ್ಟವು. ಅದರ ಗಡಿಯ ಹೊರಗೆ, ಹೊಲ ತೋಟಗಳ ಅಂಚಿನಲ್ಲಿರುವ ಹಳ್ಳದ ಸಾಲುಗಳಿಗೆ ಆ ರಕ್ಷಣೆ ಅನ್ವಯಿಸುವುದಿಲ್ಲ.