ಹೆಬ್ಬೆರಳ ಗಂಟಿಗೆ ಆಪರೇಷನ್: ಯಾವಾಗ, ಯಾರ ಕೈಯಲ್ಲಿ?

ಕಾಲಿನ ಹೆಬ್ಬೆರಳು ಪಕ್ಕದ ಬೆರಳುಗಳತ್ತ ವಾಲಿ, ಬುಡದಲ್ಲಿ ಗಂಟು ಎದ್ದರೆ ವೈದ್ಯರು ಅದನ್ನು ಬನಿಯನ್ ಎನ್ನುತ್ತಾರೆ. ಹ್ಯಾಲಕ್ಸ್ ವಾಲ್ಗಸ್ ಎಂಬ ಶಾಸ್ತ್ರೀಯ ಹೆಸರು ಕೊಟ್ಟವನು ಜರ್ಮನಿಯ ಕಾರ್ಲ್ ಹ್ಯೂಟರ್, 1870ರ ಸುಮಾರಿಗೆ. ಅಲ್ಲಿಂದೀಚೆಗೆ ನೂರಕ್ಕೂ ಹೆಚ್ಚು ಬಗೆಯ ಆಪರೇಷನ್‌ಗಳು ಬಂದಿವೆ. ಎಲ್ಲರ ಕಾಲಿಗೂ ಒಪ್ಪುವ ಒಂದೇ ವಿಧಾನ ಇಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಮೊದಮೊದಲು ಉಬ್ಬಿದ ಮೂಳೆಯನ್ನಷ್ಟೇ ಕೆತ್ತುತ್ತಿದ್ದರು; ಬೆರಳಿನ ವಾಲು ಹಾಗೇ ಉಳಿಯುತ್ತಿತ್ತು. 1881ರಲ್ಲಿ ಜಿನೀವಾದ ರೆವರ್ಡಾನ್ ಮೂಳೆಯನ್ನು ಕತ್ತರಿಸಿ ನೇರ ಮಾಡುವ ದಾರಿ ತೋರಿದ. 1904ರಲ್ಲಿ ಕೆಲ್ಲರ್ ಕೀಲಿನ ಒಂದು ಭಾಗವನ್ನೇ ತೆಗೆದ. ಅದರಿಂದ ನೋವು ತಗ್ಗಿದರೂ ಬೆರಳು ನೆಲಕ್ಕೆ ಒತ್ತುವ ಬಲ ಕುಂದುತ್ತಿತ್ತು. 1934ರಲ್ಲಿ ಲ್ಯಾಪಿಡಸ್ ಪಾದದ ನಡುವಿನ ಕೀಲನ್ನು ಬೆಸೆಯುವ ವಿಧಾನವನ್ನು ಮುಂದಿಟ್ಟ. ಆಮೇಲೆ ‘ವಿ’ ಆಕಾರದಲ್ಲಿ ಮೂಳೆ ಕತ್ತರಿಸುವ ಶೆವ್ರಾನ್, ‘ಝಡ್’ ಆಕಾರದ ಸ್ಕಾರ್ಫ್ ಬಳಕೆಗೆ ಬಂದವು. ಈಗ ಸಣ್ಣ ರಂಧ್ರಗಳಲ್ಲೇ ಮುಗಿಸುವ ಕೀಹೋಲ್ ವಿಧಾನವೂ ಇದೆ. ಗಾಯ ಚಿಕ್ಕದಾದರೂ ಒಳಗೆ ಮೂಳೆ ಕೂಡಲು ವಾರಗಳೇ ಬೇಕು.

ಈ ಗಂಟು ವಂಶದಲ್ಲೂ ಬರುತ್ತದೆ, ಚಪ್ಪಲಿ-ಶೂಗಳಿಂದಲೂ ಬೆಳೆಯುತ್ತದೆ. 1958ರ ಹಾಂಗ್‌ಕಾಂಗ್ ಅಧ್ಯಯನದಲ್ಲಿ ಶೂ ಹಾಕುವವರಲ್ಲಿ ಶೇ. 33 ಮಂದಿಗೆ ಬೆರಳು ವಾಲಿತ್ತು; ಬರಿಗಾಲಿನವರಲ್ಲಿ ಶೇ. 2ಕ್ಕೂ ಕಡಿಮೆ. ಹಾಗಾಗಿ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮುಂಭಾಗ ಅಗಲವಿರುವ ಶೂ ಕೊಳ್ಳುವುದೇ ಮೊದಲ ಚಿಕಿತ್ಸೆ. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಿನ್ಲೆಂಡಿನ ವೈದ್ಯರು 209 ರೋಗಿಗಳಲ್ಲಿ ಚಿಕಿತ್ಸೆಗಳನ್ನು ಹೋಲಿಸಿ ನೋಡಿದರು. ಶೂ ಒಳಗಿನ ವಿಶೇಷ ಅಟ್ಟೆ ಕೆಲವು ತಿಂಗಳು ನೆಮ್ಮದಿ ಕೊಟ್ಟಿತು. ವರ್ಷದ ಕೊನೆಗೆ ಆಪರೇಷನ್ ಆದವರಿಗೇ ನೋವು ಕಡಿಮೆಯಿತ್ತು.

ಬೆಂಗಳೂರಿನ ಪೂರ್ವ ಭಾಗದಲ್ಲಿ ತೋರಿಸಲು ಜಾಗಗಳಿಗೆ ಕೊರತೆಯಿಲ್ಲ. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆ ಇದೆ, ಇಂದಿರಾನಗರದಲ್ಲಿ ವಿಮಾದಾರ ಕಾರ್ಮಿಕರಿಗೆ ಇಎಸ್‌ಐ ಆಸ್ಪತ್ರೆ ಇದೆ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಖಾಸಗಿ ದೊಡ್ಡಾಸ್ಪತ್ರೆ ಇದೆ. ಆದರೆ ಮೂಳೆ ಡಾಕ್ಟರೆಲ್ಲ ಪಾದದ ಆಪರೇಷನ್ ಹೆಚ್ಚಾಗಿ ಮಾಡಿದವರಲ್ಲ. ಒಳ್ಳೆಯ ಸರ್ಜನ್ ರೋಗಿಯನ್ನು ನಿಲ್ಲಿಸಿ, ಪಾದದ ಮೇಲೆ ಭಾರ ಬಿದ್ದಿರುವಾಗಲೇ ಎಕ್ಸ್-ರೇ ತೆಗೆಸುತ್ತಾರೆ, ಗೆರೆ ಎಳೆದು ಹೆಬ್ಬೆರಳು ವಾಲಿದ ಕೋನ ಅಳೆಯುತ್ತಾರೆ. 15 ಡಿಗ್ರಿವರೆಗೆ ಸಹಜ, 40 ದಾಟಿದರೆ ತೀವ್ರ. ನನಗೆ ಯಾವ ವಿಧಾನ, ಏಕೆ? ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ? ಗಂಟು ಮರಳಿದರೆ, ಬೆರಳು ಬಿಗಿದುಕೊಂಡರೆ ಏನು ಮಾಡುವುದು? ಇವನ್ನು ಸಂಕೋಚವಿಲ್ಲದೆ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಪಾದದ ರಕ್ತಸಂಚಾರ ಪರೀಕ್ಷೆ ಆಗಲೇಬೇಕು. ಕೆ.ಆರ್. ಪುರದಿಂದ ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋಗುವವರು ಸುಮಾರು ಆರು ವಾರದ ರಜೆಯನ್ನೂ, ತಿಂಗಳುಗಟ್ಟಲೆ ಉಳಿಯಬಹುದಾದ ಊತವನ್ನೂ ಮೊದಲೇ ಲೆಕ್ಕ ಹಾಕಬೇಕು.

ಪಾದ ಚೆಂದ ಕಾಣಲೆಂದು ಆಪರೇಷನ್ ಮಾಡಿಸಬೇಡಿ. ಅಗಲದ ಶೂ ಹಾಕಿಯೂ ನೋವು ನಿಮ್ಮ ನಡಿಗೆಯನ್ನು ಕಟ್ಟಿಹಾಕಿದ್ದರೆ ಮುಂದೂಡಲೂ ಬೇಡಿ. ಇಬ್ಬರು ಸರ್ಜನ್‌ಗಳ ಅಭಿಪ್ರಾಯ ಕೇಳಿ ತೀರ್ಮಾನಿಸಿ.